ಸಡಿಲ ಬಿಟ್ಟ ಮೇಲೆ ಸಿಕ್ಕ ಸೂರ್ಯ

"ಬಳ್ಳಾರಿ ಬಿಸಿಲಾಗ ಟೆಲಿಸ್ಕೋಪ್ ಇಟ್ಟು ಸೂರ್ಯನ್ನ ನೋಡ್ತೀಯಾ? ಕಾದ ಎಣ್ಣ್ಯಾಗ ಪೂರಿ ನೋಡಿದಂಗ ಇರ್ತದ, ಬಿಡು." ಹೀಗೆ ಹೇಳಿದವನು ಕೊಪ್ಪಳದ ನನ್ನ ಗೆಳೆಯ. ನನಗಿಂತ ಹತ್ತು ವರ್ಷ ಮೊದಲೇ ಟೆಲಿಸ್ಕೋಪ್ ಕೊಂಡವನು. ಅವನ ಮಾತು ತಪ್ಪೇನೂ ಆಗಿರಲಿಲ್ಲ. ಮೂರು ವರ್ಷ ನನಗೆ ಕಂಡಿದ್ದೂ ಪೂರಿಯೇ. ಹೋದ ದಸರಾ ರಜೆಯಲ್ಲಿ ಅವನೇ ಬಂದ. ಐಪೀಸ್‌ಗೆ ಕಣ್ಣಿಟ್ಟವನು ಎರಡು ನಿಮಿಷ ಮಾತಾಡಲಿಲ್ಲ. ಸೂರ್ಯನ ಮೈಮೇಲಿನ ಒಂದು ದೊಡ್ಡ ಕಪ್ಪು ಕಲೆಯ ಸುತ್ತಲಿನ ಮಸುಕು ಭಾಗ ಎಳೆ ಎಳೆಯಾಗಿ ಬಿಡಿಸಿಕೊಂಡು ಕಾಣುತ್ತಿತ್ತು. ಆಮೇಲೆ ಅವನು ಕೇಳಿದ್ದು ಒಂದೇ: "ಫಿಲ್ಮ್ ಎಲ್ಲಿಂದ ತರಿಸಿದಿ?" ಫಿಲ್ಮ್ ಅಂದರೆ ಟೆಲಿಸ್ಕೋಪಿನ ಬಾಯಿಗೆ ಹಾಕುವ, ಬಿಸಿಲು ತಡೆಯುವ ತೆಳು ಹಾಳೆ. ಅವನ ಹತ್ತಿರವೂ ಅದೇ ಇದೆ. ಫರಕು ಇರುವುದು ಕೂರಿಸಿದ್ದರಲ್ಲಿ.

ನಾನು ಜೀನ್ಸ್ ಕಟಿಂಗ್ ಮಾಸ್ಟರ್. ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಯಿತು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನನ್ನನ್ನು ಕೆಡಿಸಿದ್ದೂ ಇದೇ ಕಸುಬು, ಉಳಿಸಿದ್ದೂ ಇದೇ ಕಸುಬು.

ಮೊದಲು ಇದ್ದದ್ದು 60 ಎಂಎಂನ ಒಂದು ಚಿಕ್ಕ ರಿಫ್ರಾಕ್ಟರ್, ಅಂದರೆ ಮುಂದೆ ಮಸೂರ ಇರುವ ಟೆಲಿಸ್ಕೋಪ್. ಹಳೆ ಸಾಮಾನಿನ ಅಂಗಡಿಯಲ್ಲಿ 1,800 ರೂಪಾಯಿಗೆ ಸಿಕ್ಕಿತ್ತು. ಡಬ್ಬಿಯಲ್ಲಿ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಗಾಜೂ ಇತ್ತು. ಐಪೀಸ್‌ಗೆ ತಿರುಗಿಸಿ ಹಾಕುವಂಥದ್ದು. ಹಾಕಿದೆ, ಸೂರ್ಯನಿಗೆ ಹಿಡಿದೆ, ಮಗಳನ್ನು ಕರೆಯಲು ಕೆಳಗೆ ಇಳಿದೆ. ಮೆಟ್ಟಿಲ ಮೇಲಿದ್ದಾಗ "ಟಕ್" ಅಂತ ಸದ್ದಾಯಿತು. ಬಂದು ನೋಡಿದರೆ ಗಾಜು ಅಡ್ಡಕ್ಕೆ ಸೀಳಿತ್ತು. ಹಿಂದೆ ಕಾಗದ ಹಿಡಿದೆ, ಬೆಳ್ಳನೆ ಚುಕ್ಕಿ ಬಿತ್ತು, ಹೊಗೆ ಎದ್ದಿತು. ಐದು ನಿಮಿಷ ಮೊದಲೇ ಕರೆದಿದ್ದರೆ ಆ ಚುಕ್ಕಿ ಮಗಳ ಕಣ್ಣಲ್ಲಿ ಬೀಳುತ್ತಿತ್ತು. ಕಣ್ಣಿನ ಹಿಂದಿನ ಪರದೆಗೆ ನೋವೇ ಗೊತ್ತಾಗುವುದಿಲ್ಲ, ಸುಟ್ಟರೂ ಉರಿಯುವುದಿಲ್ಲ. ಆ ಗಾಜನ್ನು ಅವತ್ತೇ ಕಲ್ಲಿಂದ ಜಜ್ಜಿ ಬಿಸಾಡಿದೆ. ನಿಮ್ಮ ಡಬ್ಬಿಯಲ್ಲೂ ಅಂಥದ್ದಿದ್ದರೆ ಜಜ್ಜಿಬಿಡಿ, ಮಾರಲೂ ಬೇಡಿ.

2019ರಲ್ಲಿ 130 ಎಂಎಂ ನ್ಯೂಟೋನಿಯನ್ ತಗೊಂಡೆ, ಮಸೂರದ ಬದಲು ಕನ್ನಡಿ ಇರುವಂಥದ್ದು. ಫೋಕಲ್ ಲೆಂಥ್ 900 ಎಂಎಂ. ಹದಿನೇಳು ಸಾವಿರದ ಆಸುಪಾಸು, ಮನೆಯಲ್ಲಿ ಹನ್ನೆರಡು ಅಂತ ಹೇಳಿದ್ದೆ. ಫಿಲ್ಟರ್ ಯಾವತ್ತೂ ಮುಂದೆ, ಬೆಳಕು ಕೊಳವೆಯೊಳಗೆ ಬರುವ ಮುಂಚೆ ಅನ್ನುವುದು ಅಷ್ಟೊತ್ತಿಗೆ ತಲೆಗೆ ಹತ್ತಿತ್ತು. ಆದರೂ ದುಡ್ಡು ಉಳಿಸುವ ಆಸೆ. ತೋರಣಗಲ್ಲಿನಲ್ಲಿ ವೆಲ್ಡಿಂಗ್ ಮಾಡುವ ನಮ್ಮ ಮಾವನ ಮಗ ಎರಡು ಗಾಜು ತಂದುಕೊಟ್ಟ. ಗಾಜಿನ ಕಪ್ಪಿನ ನಂಬರ್ ನೋಡಿದರೆ 11. ಬರಿಗಣ್ಣಿಗೇ 14 ಬೇಕು. ಅದೆಲ್ಲಾ ಬಿಡಿ, 14 ಸಿಕ್ಕರೂ ಟೆಲಿಸ್ಕೋಪ್ ಮುಂದೆ ಅದಕ್ಕೆ ಕೆಲಸವಿಲ್ಲ. ಆ ಗಾಜು ನೋಡುವುದಕ್ಕೆ ಮಾಡಿದ್ದೇ ಹೊರತು ದೊಡ್ಡದು ಮಾಡಿ ನೋಡುವುದಕ್ಕಲ್ಲ. ಗಾಜನ್ನು ಅವನಿಗೇ ವಾಪಸ್ ಕೊಟ್ಟೆ. ಗ್ರಹಣದ ಕನ್ನಡಕ ಹಾಕಿಕೊಂಡು ಐಪೀಸಲ್ಲಿ ನೋಡಬಹುದಲ್ವಾ ಅಂತ ಅವನೇ ಕೇಳಿದ. ಒಟ್ಟುಗೂಡಿದ ಬೆಳಕು ಆ ಕನ್ನಡಕವನ್ನೇ ತೂತು ಮಾಡುತ್ತದೆ ಅಂದೆ.

ಕೊನೆಗೆ ಬಾಡರ್ ಕಂಪನಿಯ ಸೂರ್ಯನ ಫಿಲ್ಮ್ ತರಿಸಿದೆ, ಎ4 ಹಾಳೆ, ಮೂರು ಸಾವಿರದ ಹತ್ತಿರ. ಇದರಲ್ಲಿ ಎರಡು ಜಾತಿ. 5.0 ಅಂತ ಇರುವುದು ಕಣ್ಣಿಗೆ, ಲಕ್ಷದಲ್ಲಿ ಒಂದು ಪಾಲು ಬೆಳಕು ಬಿಡುತ್ತದೆ. 3.8 ಅಂತ ಇರುವುದು ಬರೀ ಕ್ಯಾಮೆರಾಕ್ಕೆ. ಒಬ್ಬ ಮಾರಾಟದವನು "ಎರಡೂ ಒಂದೇ ಸಾರ್, ಇದು ಇನ್ನೂ ಬ್ರೈಟಾಗಿ ಕಾಣ್ತದೆ" ಅಂತ 3.8 ದಾಟಿಸಲು ನೋಡಿದ. ಅದು ಬಿಡುವ ಬೆಳಕು ಇದರ ಹದಿನೈದು ಪಟ್ಟು ಜಾಸ್ತಿ. ಫೋನ್ ಇಟ್ಟುಬಿಟ್ಟೆ.

ಹಾಳೆ ಬಂದಾಗ ಮನೆಯವಳು ಕೇಳಿದಳು, "ಈ ಚಿಪ್ಸ್ ಪಾಕೀಟಿಗೆ ಮೂರು ಸಾವಿರನಾ?"

ಕಸುಬು ಕೆಡಿಸಿದ್ದು ಇಲ್ಲೇ. ಇಪ್ಪತ್ತು ವರ್ಷ ಬಟ್ಟೆಯ ಸುಕ್ಕು ತೆಗೆದವನು ನಾನು. ಲೇ ಹಾಕುವಾಗ, ಅಂದರೆ ಕತ್ತರಿಸಲು ಬಟ್ಟೆಯನ್ನು ಪದರ ಪದರವಾಗಿ ಹಾಸುವಾಗ, ಒಂದು ಸುಕ್ಕು ಬಿದ್ದರೆ ನಲವತ್ತು ಪ್ಯಾಂಟ್ ಕೆಡುತ್ತವೆ. ಈ ಫಿಲ್ಮ್ ನೋಡಿದರೆ ಮುದುಡಿದ ಬೆಳ್ಳಿ ಕಾಗದದ ಹಾಗೆ ಅಲೆ ಅಲೆ. ಕೈ ಸುಮ್ನೆ ಇರಲಿಲ್ಲ. ಸಂಡೂರು ಕಡೆಯ ಲಂಬಾಣಿ ಕಸೂತಿ ಮಾಡುವ ಅಕ್ಕ ಒಬ್ಬರಿಂದ ಏಳಿಂಚಿನ ಕಸೂತಿ ರಿಂಗ್ ಇಸಕೊಂಡು ಬಂದು, ಫಿಲ್ಮನ್ನು ಅದರೊಳಗೆ ಕೂರಿಸಿ, ಸ್ಕ್ರೂ ಬಿಗಿ ಮಾಡಿ, ನಾಲ್ಕೂ ಕಡೆ ಎಳೆದೆ. ಹಲಗೆಯ ಚರ್ಮದ ಹಾಗೆ ನಿಂತಿತು. ಬೆರಳಲ್ಲಿ ಬಾರಿಸಿದರೆ ಸದ್ದು. ಎಷ್ಟು ಚೆಂದ ಅಂತ ಫೋಟೋ ಬೇರೆ ತೆಗೆದೆ.

ಸೂರ್ಯ ಕಂಡ. ಆದರೆ ಎಷ್ಟು ತಿರುಗಿಸಿದರೂ ಫೋಕಸ್ ಬರಲೇ ಇಲ್ಲ. ಒಂದು ಕಡೆ ಅಂಚು ಚೂಪಾದರೆ ಇನ್ನೊಂದು ಕಡೆ ಹರಡುತ್ತಿತ್ತು. ಕಲೆಗಳಿಗೆಲ್ಲ ನೆರಳಿನ ಬಾಲ. ಕನ್ನಡಿ ಸಡಿಲಾಗಿದೆ ಅಂದುಕೊಂಡು ಕೊಲಿಮೇಷನ್, ಅಂದರೆ ಕನ್ನಡಿಗಳನ್ನು ನೇರಕ್ಕೆ ತರುವ ಕೆಲಸ ಮಾಡಿದೆ, ಒಂದಲ್ಲ ಹತ್ತು ಸಲ. ಐಪೀಸ್ ಬದಲಿಸಿದೆ, 1,400 ಹೋಯಿತು. ಬಳ್ಳಾರಿಯ ಗಾಳಿಯೇ ಸರಿಯಿಲ್ಲ ಅಂತ ಬೈದುಕೊಂಡೆ. ಇದೇ ಗೋಳಲ್ಲಿ ಒಂದೂವರೆ ವರ್ಷ ಕಳೆಯಿತು. ಒಂದು ದಿನ ಆಷಾಢದ ಗಾಳಿಗೆ ರಿಂಗಿನ ಸ್ಕ್ರೂ ತಾನಾಗಿ ಸಡಿಲಾಗಿ ಫಿಲ್ಮ್ ಜೋಲು ಬಿತ್ತು. ತೆಗೆಯುವ ಮುಂಚೆ ಟಾರ್ಚ್ ಹಾಕಿ ತೂತು ಬಿದ್ದಿಲ್ಲ, ಅಂಚಲ್ಲಿ ಸಂದು ಇಲ್ಲ ಅಂತ ಖಾತ್ರಿ ಮಾಡಿಕೊಂಡು ಸುಮ್ನೆ ಒಮ್ಮೆ ನೋಡಿದೆ. ಸೂರ್ಯನ ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಇತ್ತು!

ಎಳೆಯಬಾರದು. ಇಷ್ಟೇ ವಿಷಯ. ಈ ಫಿಲ್ಮ್ ತುಂಬಾ ತೆಳು. ಸುಕ್ಕಿದ್ದರೆ ಬೆಳಕಿನ ದಾರಿ ಕೆಡುವುದಿಲ್ಲ, ಎಳೆದರೆ ಕೆಡುತ್ತದೆ. ತಯಾರಿಸುವವರ ಚೀಟಿಯಲ್ಲೂ ಹಾಗೇ ಬರೆದಿತ್ತಂತೆ. ನಾನು ಚೀಟಿ ಓದುವ ಜಾತಿಯಲ್ಲ.

ಎಳೆದು ಎಳೆದು ಆ ಹಾಳೆಯ ಅಂಚಲ್ಲಿ ಗೀರು ಬಿದ್ದಿತ್ತು, ಅದನ್ನು ಬಿಸಾಡಿ ಎರಡನೆಯದು ತರಿಸಿದೆ. ಇನ್ನೊಂದು ಮೂರು ಸಾವಿರ. ಈ ಸಲ ಕಸುಬು ಕೈಹಿಡಿಯಿತು. 20 ಸೆಂಟಿಮೀಟರ್ ಅಗಲದ ಹಾಳೆಯಲ್ಲಿ ಬಟ್ಟೆ ವೇಸ್ಟ್ ಆಗದಂತೆ ಪ್ಯಾಂಟಿನ ಮಾರ್ಕರ್ ಗುರುತು ಹಾಕಿದ ಹಾಗೆ ಹಾಕಿ, 130ಕ್ಕೆ ಒಂದು ದೊಡ್ಡ ಬಿಲ್ಲೆ, ಉಳಿದದ್ದರಲ್ಲಿ ಬೈನಾಕ್ಯುಲರ್‌ಗೆ ಎರಡು ಬಿಲ್ಲೆ ತೆಗೆದೆ. ವೇಸ್ಟ್ ಆದದ್ದು ಮೂಲೆಗಳು ಮಾತ್ರ. ದಪ್ಪ ರಟ್ಟಿನ ಎರಡು ಬಳೆ. ಮೇಜಿನ ಮೇಲೆ ಟಿಶ್ಯೂ ಹಾಸಿ ಅದರ ಮೇಲೆ ಫಿಲ್ಮ್, ಡಬಲ್ ಟೇಪ್ ಹಚ್ಚಿದ ಬಳೆಯನ್ನು ಮೇಲಿಂದ ಇಳಿಸುವುದು. ಬಳೆ ಫಿಲ್ಮಿನ ಹತ್ತಿರ ಬರಬೇಕು, ಫಿಲ್ಮ್ ಬಳೆಯ ಹತ್ತಿರ ಹೋಗಬಾರದು. ಎರಡು ಬಳೆಗಳ ನಡುವೆ ನಾನು ಇನ್ನೊಂದು ವಸ್ತು ಇಡುತ್ತೇನೆ, ಜೀನ್ಸ್ ಯೂನಿಟ್ಟಿನಲ್ಲಿ ಪುಕ್ಕಟೆ ಸಿಗುವಂಥದ್ದು, ಅದರಿಂದ ಎರಡು ವರ್ಷವಾದರೂ ಫಿಲ್ಮ್ ಬಿಗಿದುಕೊಂಡಿಲ್ಲ. ಅದೇನು ಅಂತ ಕೊಪ್ಪಳದವನಿಗೂ ಹೇಳಿಲ್ಲ.

ಕ್ಯಾಪ್ ಕೂರುವುದು ಬರೀ ಬಿಗಿತದ ಮೇಲೆ ಆಗಬಾರದು. ನಮ್ಮ ಕಡೆ ಜೂನ್-ಜುಲೈ ಗಾಳಿ ಗೊತ್ತಲ್ವಾ, ತಗಡನ್ನೇ ಹಾರಿಸುತ್ತದೆ. ಯಾರೋ ನೋಡುತ್ತಿರುವಾಗ ಕ್ಯಾಪ್ ಹಾರಿದರೆ ಕಥೆ ಮುಗಿಯಿತು. ಪ್ಯಾಂಟಿನ ಬೆಲ್ಟ್ ಲೂಪ್ ಮೂರು ಹೊಲಿದು, ಕೊಳವೆಗೆ ಸುತ್ತಿದ ಡೆನಿಮ್ ಪಟ್ಟಿಗೆ ವೆಲ್ಕ್ರೋ ಹಾಕಿ ಕಟ್ಟುತ್ತೇನೆ. ನಾನೇ ತೆಗೆಯಲು ಎರಡೂ ಕೈ ಬೇಕು. ಪ್ರತಿ ಸಲ ಹಾಕುವ ಮುಂಚೆ ಫಿಲ್ಮನ್ನು ಬಲ್ಬಿಗೆ ಹಿಡಿದು ನೋಡುವುದು ಬಿಟ್ಟಿಲ್ಲ.

ಗುರಿ ಹಿಡಿಯಲು ಕೊಳವೆಯ ಮೇಲಿರುವ ಚಿಕ್ಕ ದುರ್ಬೀನು, ಫೈಂಡರ್, ಅದನ್ನು ಬಿಚ್ಚಿಯೇ ಇಡಿ. ಮುಚ್ಚಳ ಸಾಕು ಅಂದುಕೊಂಡಿದ್ದೆ. ಒಂದು ದಿನ ಮುಚ್ಚಳ ಮರೆತೆ, ಬಗ್ಗಿ ನಿಂತಿದ್ದೆ. ಸುಟ್ಟ ಡೆನಿಮ್ ವಾಸನೆ ನನಗೆ ಚೆನ್ನಾಗಿ ಗೊತ್ತು. ನಮ್ಮ ಯೂನಿಟ್ಟಿನಲ್ಲಿ ಇಸ್ತ್ರಿ ಮರೆತರೆ ಬರುವ ವಾಸನೆ. ನೋಡಿದರೆ ನನ್ನದೇ ತೋಳಲ್ಲಿ ತೂತು. ಫೈಂಡರ್ ಇಲ್ಲದೆ ಸೂರ್ಯನನ್ನು ಹುಡುಕುವುದು ಕಷ್ಟವೇನಲ್ಲ. ನೆಲದ ಮೇಲೆ ಕೊಳವೆಯ ನೆರಳು ನೋಡುತ್ತಾ ತಿರುಗಿಸಿ. ಉದ್ದ ನೆರಳು ಕುಗ್ಗಿ ಕುಗ್ಗಿ ಅತಿ ಚಿಕ್ಕದಾದಾಗ ಸೂರ್ಯ ಐಪೀಸಿನಲ್ಲಿ ಇರುತ್ತಾನೆ.

ಇನ್ನು ಆ ಪೂರಿ. ಫಿಲ್ಮ್ ಸರಿಯಾದ ಮೇಲೂ ಬಿಂಬ ಅಲುಗಾಡುವ ಕುದಿತ ಇತ್ತು. ಇಲ್ಲೂ ನನ್ನದೇ ಜಾಣತನ ಕೈಕೊಟ್ಟಿತ್ತು. ಕೊಳವೆಗೆ ಚೆಂದದ ನೀಲಿ ಡೆನಿಮ್ ಅಂಗಿ ಹೊಲಿದು ತೊಡಿಸಿದ್ದೆ. ಬಿಸಿಲಿಗೆ ಅದು ಹೆಂಚಿನ ಹಾಗೆ ಕಾಯುತ್ತಿತ್ತು, ಒಳಗಿನ ಗಾಳಿ ಕುದಿಯುತ್ತಿತ್ತು. ಕಿತ್ತು, ಜೇಬಿಗೆ ಹಾಕುವ ಬಿಳಿ ಬಟ್ಟೆಯ ಅಂಗಿ ಹೊಲಿದೆ. ಅರ್ಧ ಕುದಿತ ನಿಂತಿತು. ಡೆನಿಮ್ ಈಗ ನನ್ನ ತಲೆಯ ಮೇಲೆ, ಮುಸುಕಿಗೆ. 14 ಔನ್ಸಿನ ಬಟ್ಟೆ, ಒಂದು ಹನಿ ಬೆಳಕು ಒಳಗೆ ಬರುವುದಿಲ್ಲ.

ಉಳಿದ ಅರ್ಧಕ್ಕೆ ಕಾರಣ ಮಾಳಿಗೆ. ಆರ್‌ಸಿಸಿ ಎಂಟೂವರೆಗೇ ಬಿಸಿ ಉಗುಳಲು ಶುರು ಮಾಡುತ್ತದೆ. ಕೆಳಗೆ ಅಂಗಳದಲ್ಲಿ ನೀರು ಚಿಮುಕಿಸಿ ಇಟ್ಟೆ, ಪರವಾಗಿಲ್ಲ ಅನ್ನಿಸಿತು. ನಿಜವಾದ ಗೆಲುವು ಸಿರುಗುಪ್ಪ ಕಡೆ ನಮ್ಮ ಚಿಕ್ಕಪ್ಪನ ಗದ್ದೆಯಲ್ಲಿ. ಕಾಲುವೆ ನೀರು ಬಿಟ್ಟಿದ್ದರು, ನಾಟಿ ಆಗಿತ್ತು, ಸುತ್ತ ಎತ್ತ ನೋಡಿದರೂ ನೀರು. ಬೆಳಿಗ್ಗೆ ಏಳೂವರೆ, ಸೂರ್ಯ ಎರಡು ಮಾರು ಮೇಲೆ ಬಂದಿದ್ದ. 10 ಎಂಎಂ ಐಪೀಸ್, ಅಂದರೆ 90 ಪಟ್ಟು. ಸೂರ್ಯನ ಮೈಯೆಲ್ಲಾ ನುಚ್ಚಕ್ಕಿ ಹರವಿದ ಹಾಗೆ ಕಾಣಿಸಿತು. ಆ ಒಂದೊಂದು ನುಚ್ಚು ನಮ್ಮ ಇಡೀ ಕರ್ನಾಟಕಕ್ಕಿಂತ ದೊಡ್ಡದು. ಸ್ವಲ್ಪ ಹೊತ್ತಿನ ಆಟ, ಒಂಬತ್ತರ ಮೇಲೆ ಮತ್ತೆ ಪೂರಿ. ಅದಕ್ಕೇ ನನ್ನ ಹೊತ್ತು ಏಳೂಕಾಲಿಂದ ಎಂಟೂವರೆ. ಇನ್ನೂ ಬೇಗ ಎದ್ದರೆ ಸೂರ್ಯ ತಗ್ಗಲ್ಲಿರುತ್ತಾನೆ, ಗಣಿ ಧೂಳು ಅಡ್ಡ ಬರುತ್ತದೆ.

ನಡುವೆ ಹುಚ್ಚಾಟಗಳೂ ಆದವು. ದಿನಾ ಕಲೆಗಳನ್ನು ಆರ್ಡರ್ ಬುಕ್ಕಿನ ಹಿಂದೆ ಬರೆದುಕೊಂಡೆ. ಒಂದು ಕಲೆ ಒಂದು ಅಂಚಿಂದ ಇನ್ನೊಂದು ಅಂಚಿಗೆ ಹೋಗಲು ಹದಿಮೂರು ದಿನ ಹತ್ತಿರ ತಗೊಂಡಿತು. ಪೂರ್ತಿ ಸುತ್ತು 27 ದಿನ ಅಂತ ಪುಸ್ತಕ ಹೇಳುತ್ತದೆ, ನನ್ನ ಲೆಕ್ಕಕ್ಕೆ 26 ಬಂತು. ಕೊಡೈಕೆನಾಲ್‌ನಲ್ಲಿ ನೂರು ವರ್ಷಕ್ಕೂ ಮೇಲೆ ಇದೇ ಕೆಲಸವನ್ನು ಕ್ಯಾಮೆರಾ ಇಟ್ಟು ಮಾಡಿದ್ದಾರೆ, ನಾನು ಪೆನ್ಸಿಲಲ್ಲಿ ಮಾಡಿದೆ. ಬಟ್ಟೆ ರೋಲಿನ ರಟ್ಟಿನ ಪೈಪ್ ನೆಟ್ಟು, ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವ ನೆರಳಿಲ್ಲದ ದಿನವನ್ನೂ ನೋಡಿದೆ. ನಮ್ಮ ಬಳ್ಳಾರಿಗೆ ಅದು ಮೇ ಮೊದಲ ವಾರ ಒಮ್ಮೆ, ಆಗಸ್ಟ್ ಎರಡನೇ ವಾರ ಒಮ್ಮೆ. ಆಗಸ್ಟಿನಲ್ಲಿ ಮೋಡ.

2022ರ ಅಕ್ಟೋಬರ್ 25, ದೀಪಾವಳಿ ನಡುವಿನ ಗ್ರಹಣ. ಹಿಂದಿನ ದಿನ ಅಂಗಡಿಯಲ್ಲಿ ಲಕ್ಷ್ಮಿ ಪೂಜೆ ಮುಗಿಸಿ ಹುಡುಗರೆಲ್ಲ ರಜೆ. ಒಬ್ಬೊಬ್ಬರಿಗೇ ಐಪೀಸ್ ತೋರಿಸುವಷ್ಟು ಹೊತ್ತಿರಲಿಲ್ಲ, ಸೂರ್ಯ ಮುಳುಗುವಾಗಲೂ ಗ್ರಹಣ ಬಿಟ್ಟಿರಲಿಲ್ಲ. ಹಳೆ 60 ಎಂಎಂ ತೆಗೆದು ಬಿಳಿ ರಟ್ಟಿನ ಮೇಲೆ ಬಿಂಬ ಬೀಳಿಸಿದೆ. ಹದಿನೈದು ಜನ ಒಟ್ಟಿಗೆ ನೋಡಿದರು. ಇದಕ್ಕೆ ಪ್ಲಾಸ್ಟಿಕ್ ಐಪೀಸ್ ಬಳಸಬೇಡಿ. ತಾಲೀಮಿನಲ್ಲಿ ಒಂದು ಕರಗಿ ಮೇಣದ ಹಾಗೆ ಆಗಿತ್ತು. 130ರಲ್ಲಿ ಇದನ್ನು ಮಾಡಲೇಬೇಡಿ, ಒಳಗಿನ ಚಿಕ್ಕ ಕನ್ನಡಿ ಕಾದು ಹಾಳಾಗುತ್ತದೆ. ಒಬ್ಬನನ್ನು ಬರೀ ಕೊಳವೆಯ ಪಕ್ಕ ಕಾವಲಿಗೆ ನಿಲ್ಲಿಸಿದ್ದೆ, ಯಾವ ಮಗುವೂ ಐಪೀಸಿಗೆ ಬಗ್ಗಬಾರದು ಅಂತ.

2024ರ ಮೇ ಮರೆಯುವ ಹಾಗಿಲ್ಲ. 7ಕ್ಕೆ ನಮ್ಮಲ್ಲಿ ಲೋಕಸಭೆಯ ಮತದಾನ. ಬೆರಳಿನ ಶಾಯಿ ಇನ್ನೂ ಹಸಿ ಇದ್ದಾಗ, ಮೂರ್ನಾಲ್ಕು ದಿನಕ್ಕೆ, ವಿಜ್ಞಾನಿಗಳು 3664 ಅಂತ ನಂಬರ್ ಕೊಟ್ಟ ಕಲೆಗುಂಪು ಭಾರಿ ದೊಡ್ಡದಾಗಿತ್ತು. ಗ್ರಹಣದ ಕನ್ನಡಕದಲ್ಲಿ ಬರಿಗಣ್ಣಿಗೇ ಚುಕ್ಕಿ ಕಾಣುತ್ತಿತ್ತು. ಭೂಮಿಯನ್ನು ಸಾಲಾಗಿ ಹದಿನೈದು ಇಟ್ಟರೆ ಅಷ್ಟುದ್ದ. ಅದೇ ಎಬ್ಬಿಸಿದ ಸೌರ ಬಿರುಗಾಳಿಗೆ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು.

ಆ ವಾರವೇ ನಮ್ಮ ಅತ್ತೆ ಸಿಂಧನೂರಿನಿಂದ ಬಂದಿದ್ದರು. 1980ರ ಫೆಬ್ರವರಿ 16ರ ಪೂರ್ಣ ಗ್ರಹಣ ಅವರ ಕಡೆಯೇ ಹಾದು ಹೋಗಿತ್ತು. ಹತ್ತಿರದ ಜವಳಗೇರಾದಲ್ಲಿ ಬೆಂಗಳೂರಿನ ಖಭೌತ ಸಂಸ್ಥೆಯವರು ಕ್ಯಾಂಪ್ ಹಾಕಿದ್ದರು. ಅತ್ತೆಯನ್ನು ಮಾತ್ರ ಅವತ್ತು ಮನೆಯವರು ಒಳಗೆ ಕೂರಿಸಿ ಅಗಳಿ ಹಾಕಿದ್ದರಂತೆ. ಎರಡು ನಿಮಿಷಕ್ಕೂ ಮೇಲೆ ಕತ್ತಲಾಯಿತು, ಕೋಳಿ ಗೂಡಿಗೆ ಹೋದವು, ಅಷ್ಟೇ ನನಗೆ ಗೊತ್ತು ಅನ್ನುತ್ತಾರೆ. ಈ ಸಲ ಅವರಿಗೆ ಮುಸುಕು ಹಾಕಿ ಐಪೀಸಿನ ಮುಂದೆ ಕೂರಿಸಿದೆ. ಬಹಳ ಹೊತ್ತು ನೋಡಿದರು.

"ಏನ್ ಅಳಿಯಂದ್ರ, ಸೂರ್ಯಪ್ಪಗ ಕಾಡಿಗಿ ಬೊಟ್ಟು ಇಟ್ಟಾರಲ್ಲ."

2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಪಾರ್ಶ್ವ ಗ್ರಹಣ ಇದೆ. ಆ ಬೈನಾಕ್ಯುಲರ್ ಬಿಲ್ಲೆಗಳ ಜೋಡಿಯನ್ನು ಅತ್ತೆಗೆ ಅಂತ ಹೆಸರು ಬರೆದು ಇಟ್ಟಿದ್ದೇನೆ. ಕೊಪ್ಪಳದವನೂ ಒಂದು ಜೋಡಿ ಕೇಳಿದ್ದಾನೆ. ಹಾಳೆಯ ದುಡ್ಡು ಅವನದು, ಕಟಿಂಗ್ ನನ್ನದು.