ಬಿದ್ರಿ ಉಡುಗೊರೆ ಕೊಡುವ ಮುನ್ನ

ಏಳು ವರ್ಷದ ಹಿಂದೆ ಗೆಳತಿಯೊಬ್ಬಳ ಗೃಹಪ್ರವೇಶಕ್ಕೆ ಬೀದರಿನ ಬಿದ್ರಿ ಕೆಲಸದ ಹೂದಾನಿ ಕೊಟ್ಟಿದ್ದೆ. ಗೇಣುದ್ದದ್ದು. ಕಾಡಿಗೆಯಂಥ ಕಪ್ಪು ಮೈ, ಅದರ ಮೇಲೆ ಬೆಳ್ಳಿಯ ಬಳ್ಳಿ. ದೀಪಾವಳಿಗೆ ಅವಳ ಮನೆಗೆ ಹೋದಾಗ ಶೋಕೇಸಿನಲ್ಲಿ ಬೂದು ಬಣ್ಣದ ಒಂದು ಹೂದಾನಿ ನಿಂತಿತ್ತು. ಅದೇ ಅಂತ ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳ ಅತ್ತೆ ಹಬ್ಬಕ್ಕೆ ಹಿತ್ತಾಳೆ ದೀಪಗಳನ್ನು ಬೆಳಗುವಾಗ ಇದಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. 'ಎಷ್ಟು ತಿಕ್ಕಿದರೂ ಕರಿ ಪೂರ್ತಿ ಹೋಗಲೇ ಇಲ್ಲಮ್ಮ' ಎಂದು ಬೇಜಾರು ಮಾಡಿಕೊಂಡರು. ಆ ಕರಿಯೇ ಬಿದ್ರಿ ಅಂತ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಬೇಕಾದವಳು ನಾನು, ಹೇಳಿರಲಿಲ್ಲ.

ನಾನು ಬೀದರ್ ಜಿಲ್ಲೆಯ ಭಾಲ್ಕಿಯವಳು, ಈಗ ಇರುವುದು ಬೆಂಗಳೂರಲ್ಲಿ. 'ಬೇರೆ ಯಾರೂ ಕೊಡದಂಥದ್ದು ಏನಾದ್ರೂ ಹೇಳು' ಎಂದು ಆಫೀಸಿನವರು ಕೇಳಿದಾಗಲೆಲ್ಲ ಬಿದ್ರಿಯನ್ನೇ ಹೇಳುತ್ತೇನೆ. ಆದರೆ ಈಗ ಅದನ್ನು ಕೊಳ್ಳುವುದು, ಇಟ್ಟುಕೊಳ್ಳುವುದು ಹೇಗೆ ಅನ್ನುವುದನ್ನೂ ಜೊತೆಗೇ ಹೇಳುತ್ತೇನೆ.

ಮೊದಲು ಅದು ಏನು ಅಂತ ಗೊತ್ತಿರಬೇಕು. ಬಿದ್ರಿಯ ಮೈ ಕಬ್ಬಿಣದ್ದಲ್ಲ, ಬೆಳ್ಳಿಯದ್ದೂ ಅಲ್ಲ. ಮುಕ್ಕಾಲಿಗಿಂತ ಎಷ್ಟೋ ಜಾಸ್ತಿ ಸತು, ಜೊತೆಗೆ ಚೂರು ತಾಮ್ರ. ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ ಅನ್ನುತ್ತಾರೆ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಆಗ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಸೂಜಿಮೊನೆಯಲ್ಲಿ ಗೀಚಿದ ಚಿತ್ತಾರ ಸ್ಲೇಟಿನ ಮೇಲೆ ಬರೆದ ಹಾಗೆ ಕಾಣುತ್ತದೆ. ಆ ಗೆರೆಗುಂಟ ಸಣ್ಣ ಉಳಿಯಿಂದ ಕೊರೆದು, ಕೊರೆದ ಜಾಗಕ್ಕೆ ಬೆಳ್ಳಿ ತಂತಿ ಅಥವಾ ಬೆಳ್ಳಿ ತಗಡು ಕೂರಿಸಿ ತಟ್ಟುತ್ತಾರೆ. ಬೆಳ್ಳಿಯನ್ನು ಅಂಟಿಸಿರುವುದಿಲ್ಲ, ಬಿಗಿಯಾಗಿ ಕಚ್ಚಿಸಿರುತ್ತಾರೆ. ಕೊನೆಗೆ ಬರುವುದು ಕಪ್ಪು.

ಆ ಕಪ್ಪು ಬರುವುದನ್ನು ನಾನು ಕಣ್ಣಾರೆ ನೋಡಿದ್ದು ಅದೇ ಹೂದಾನಿಯಿಂದ. ಅದನ್ನು ಗೆಳತಿಯಿಂದ ವಾಪಸ್ ಇಸಕೊಂಡು ಬೀದರಿಗೆ ಒಯ್ದಿದ್ದೆ. ಊರ ನಡುವಿನ ಹಳೆಯ ಕಾವಲು ಗೋಪುರ ಚೌಬಾರದ ಹತ್ತಿರದ ಗಲ್ಲಿಯಲ್ಲಿ ವಯಸ್ಸಾದ ಒಬ್ಬ ಕಸಬುದಾರರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಏನೂ ಕೇಳಲಿಲ್ಲ. ನಯವಾದ ಉಪ್ಪುಕಾಗದದಿಂದ ಮೈಯೆಲ್ಲ ತಿಕ್ಕಿದರು. ಆಗ ಸತುವೂ ಬೆಳ್ಳಿಯೂ ಒಂದೇ ಬಿಳುಪಾಗಿ, ಬಳ್ಳಿಯೇ ಮಾಯವಾಯಿತು. ನನಗೆ ಎದೆ ಧಸಕ್ಕೆಂದಿತು. ಆಮೇಲೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಅನ್ನುವ ಉಪ್ಪು ಕಲಸಿ ಕಾಯಿಸಿದ ನೀರಿನಲ್ಲಿ ಅದನ್ನು ಅದ್ದಿ, ಕೈಯಲ್ಲಿ ಹೊರಳಿಸಿದರು. ನೋಡನೋಡುತ್ತ ಸತು ಕಂದಾಯಿತು, ಕಂದು ಕಪ್ಪಾಯಿತು. ಬೆಳ್ಳಿ ಮಾತ್ರ ಹಾಗೇ ಉಳಿಯಿತು. ಬಳ್ಳಿಯ ಒಂದೊಂದು ಎಲೆಯೂ ಒಳಗಿನಿಂದ ಎದ್ದು ಬಂದಂತೆ ಕಂಡಿತು. ನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿ ನನ್ನ ಕೈಗೆ ಕೊಟ್ಟರು. ಅವತ್ತು ನಾನು ಅತ್ತದ್ದು ನಿಜ.

ಆ ಮಣ್ಣು ಎಲ್ಲಿಂದಲಾದರೂ ತಂದದ್ದಲ್ಲ. ಕೋಟೆಯ ಹಳೆಯ ಕಟ್ಟಡಗಳೊಳಗೆ, ಬಿಸಿಲು ಮಳೆ ತಾಗದ ಮೂಲೆಯಲ್ಲಿರುವ ಮಣ್ಣು. ಚೂರು ನಾಲಿಗೆಗೆ ಹಚ್ಚಿ ರುಚಿ ನೋಡಿಯೇ ಅದು ಕೆಲಸಕ್ಕೆ ಬರುತ್ತದೋ ಇಲ್ಲವೋ ಅಂತ ಹೇಳುತ್ತಾರೆ. ಇನ್ನು ಎರಕದಲ್ಲಿ ಆ ಚೂರು ತಾಮ್ರ ಇಲ್ಲದಿದ್ದರೆ ಇಂಥ ಕಪ್ಪು ಹತ್ತುವುದಿಲ್ಲ.

ಇನ್ನು ಕೊಳ್ಳುವ ಮಾತು. ಬೀದರಿಗೇ ಹೋಗಲು ಆದರೆ ಹೋಗಿ. ಹೈದರಾಬಾದಿನಿಂದ ಮೂರು ಗಂಟೆ ದಾರಿ. ಚೌಬಾರದ ಸುತ್ತ ಅಂಗಡಿಯ ಹಿಂದೆಯೇ ಕೆಲಸದ ಕೋಣೆ ಇರುತ್ತದೆ, ಕೇಳಿದರೆ ತೋರಿಸುತ್ತಾರೆ. ಆಗದಿದ್ದರೆ ರಾಜ್ಯ ಸರ್ಕಾರದ ಕರಕುಶಲ ಮಳಿಗೆ ಕಾವೇರಿ ಎಂಪೋರಿಯಂ ಇದೆ. ಬಿದ್ರಿಗೆ 2006ರಲ್ಲೇ ಜಿಐ ಗುರುತು, ಅಂದರೆ ಇದು ಇದೇ ಊರಿನ ವಸ್ತು ಅನ್ನುವ ಸರ್ಕಾರಿ ಮಾನ್ಯತೆ ಸಿಕ್ಕಿದೆ. 2023ರಲ್ಲಿ ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ಮೇಲಂತೂ ಕೇಳುವವರು ಜಾಸ್ತಿಯಾದರು. ನಕಲಿಯೂ ಇದೆ. ಪ್ರವಾಸಿ ಊರೊಂದರಲ್ಲಿ ನಾನೇ ಒಂದು ಡಬ್ಬಿ ತಂದಿದ್ದೆ. ಮೂರು ತಿಂಗಳಿಗೆ ಮೂಲೆಯಲ್ಲಿ ಬಣ್ಣ ಸಿಪ್ಪೆಯಂತೆ ಎದ್ದಿತು. ಬಿದ್ರಿಯ ಕಪ್ಪು ಸಿಪ್ಪೆಯಾಗಿ ಏಳುವುದಿಲ್ಲ, ಮಸುಕಾಗುತ್ತದೆ ಅಷ್ಟೇ.

ಹಾಗಾಗಿ ವಸ್ತುವನ್ನು ಕೈಗೆ ತೆಗೆದುಕೊಳ್ಳದೆ ಕೊಳ್ಳಬೇಡಿ. ಸಣ್ಣ ಡಬ್ಬಿಯಾದರೂ ಅಂಗೈಯಲ್ಲಿ ಭಾರ ಗೊತ್ತಾಗಬೇಕು. ಫ್ರಿಜ್ಜಿಗೆ ಅಂಟಿಸುವ ಪುಟ್ಟ ಅಯಸ್ಕಾಂತ ಪರ್ಸಿನಲ್ಲಿರಲಿ. ಅದು ಕಚ್ಚಿಕೊಂಡರೆ ಒಳಗೆ ಕಬ್ಬಿಣವಿದೆ, ಅದು ಬಿದ್ರಿ ಅಲ್ಲ. ಕಪ್ಪು ಪೇಂಟಿನ ಹಾಗೆ ಗಾಜುಗಾಜಾಗಿ ಹೊಳೆಯಬಾರದು, ಮಂದವಾಗಿರಬೇಕು. ಆಮೇಲೆ ಕಣ್ಣು ಮುಚ್ಚಿ ಬೆಳ್ಳಿಯ ಮೇಲೆ ಬೆರಳು ಆಡಿಸಿ. ಉಬ್ಬಿರುವುದೂ ಇಲ್ಲ, ತಗ್ಗಿರುವುದೂ ಇಲ್ಲ, ಕಪ್ಪಿಗೂ ಬೆಳ್ಳಿಗೂ ಒಂದೇ ಮಟ್ಟ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ತಂತಿ ಸರಿಯಾಗಿ ಕೂತಿಲ್ಲ, ಮುಂದೆ ಏಳುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ಒಂದು ಎಲೆ, ಪಕ್ಕದ ಎಲೆ ನೋಡಿ. ಕೈಯಲ್ಲಿ ಕೊರೆದದ್ದಾದರೆ ಎರಡೂ ಅಕ್ಕತಂಗಿಯರ ಹಾಗಿರುತ್ತವೆ, ಪಡಿಯಚ್ಚಿನ ಹಾಗಲ್ಲ. ನನಗೆ ಇದೇ ದೊಡ್ಡ ಗುರುತು.

ಕೆಲಸದ ಬಗೆಯನ್ನೂ ಕೇಳಿ, ಬೆಲೆ ಯಾಕೆ ಬೇರೆ ಬೇರೆ ಅನ್ನುವುದು ಅಲ್ಲೇ ತಿಳಿಯುತ್ತದೆ. ತಂತಿ ಕೆಲಸಕ್ಕೆ ತಾರ್‌ಕಶಿ ಅನ್ನುತ್ತಾರೆ. ತಗಡು ಕೂರಿಸಿದ್ದಕ್ಕೆ ತೆಹ್ನಿಶಾನ್. ಅಫ್ತಾಬಿ ಅಂತ ಇನ್ನೊಂದಿದೆ. ಅದರಲ್ಲಿ ಮೈತುಂಬ ಬೆಳ್ಳಿಯಿದ್ದು ಹೂಬಳ್ಳಿ ಕಪ್ಪಾಗಿ ಉಳಿಯುತ್ತದೆ. ಬೆಳ್ಳಿ ಹೆಚ್ಚು, ಬೆಲೆಯೂ ಹೆಚ್ಚು. ಮೊದಲ ಸಲ ಕೊಡುವವರಿಗೆ ನನ್ನ ಸಲಹೆ, ತಾರ್‌ಕಶಿಯ ಸಣ್ಣ ವಸ್ತು. ದೊಡ್ಡ ಹೂದಾನಿಯಲ್ಲಿ ಅವಸರದ ಕೆಲಸ ಇರುವುದಕ್ಕಿಂತ ಬೆರಳುದ್ದದ ವಸ್ತುವಿನಲ್ಲಿ ಒಳ್ಳೆಯ ಕೆಲಸ ಇದ್ದರೆ ಎಷ್ಟೋ ಮೇಲು.

ಯಾರಿಗೆ ಏನು ಅನ್ನುವುದು ಅವರವರನ್ನು ನೋಡಿ. ಅಮೆರಿಕಕ್ಕೆ ಹೋದ ಅಣ್ಣನ ಮಗನಿಗೆ ಕಫ್‌ಲಿಂಕ್ ಕೊಟ್ಟೆ, ಅವನ ಸೂಟ್‌ಕೇಸಿನಲ್ಲಿ ಜಾಗವೇ ಬೇಡವಾಯಿತು. ನಿವೃತ್ತರಾದ ಮೇಷ್ಟರಿಗೆ ಕಾಗದ ಕತ್ತರಿಸುವ ಚಾಕು ಕೊಟ್ಟೆ. ಅದನ್ನು ಒಯ್ಯುವವರು ವಿಮಾನದಲ್ಲಿ ಕೈಚೀಲದೊಳಗೆ ಇಡಬೇಡಿ, ತಡೆಯುತ್ತಾರೆ. ಕಿವಿಯೋಲೆ, ಪೆನ್‌ಡ್ರೈವ್, ಕುಂಕುಮದ ಭರಣಿ ಎಲ್ಲ ಸಿಗುತ್ತವೆ. ಹೂದಾನಿಯೇ ಕೊಡುವುದಾದರೆ ಜೊತೆಗೆ ಒಣಗಿದ ಬಿಳಿ ಜೋಳದ ನಾಲ್ಕು ತೆನೆ ಕಟ್ಟಿ ಕೊಡಿ. ನಮ್ಮ ಕಡೆಯ ಕಪ್ಪು ಎರೆಹೊಲದಲ್ಲಿ ಜೋಳ ನಿಂತ ಹಾಗೇ ಕಾಣುತ್ತದೆ! ನೀರು ಹಾಕಿ ಹೂ ಇಡುವವರಾದರೆ ಒಳಗೆ ಗಾಜಿನ ಕೊಳವೆ ಇಟ್ಟು ಅದಕ್ಕೆ ನೀರು ಹಾಕಲಿ. ಸತುವಿಗೆ ನೀರು ನಿಂತರೆ ಬಿಳಿ ಪುಡಿ ಏಳುತ್ತದೆ. ಬಟ್ಟಲು, ಡಬ್ಬಿಗಳಲ್ಲಿ ತಿನ್ನುವ ಪದಾರ್ಥ ಬೇಡವೇ ಬೇಡ. ಹುಳಿ ಅಂತೂ ಸತುವನ್ನು ಕರಗಿಸುತ್ತದೆ.

ಕಟ್ಟುವಾಗ ಹಳೆಯ ಹತ್ತಿ ಪಂಚೆಯ ತುಂಡು ಸಾಕು. ರಬ್ಬರ್ ಬ್ಯಾಂಡ್ ಹಾಕಬೇಡಿ, ಉಣ್ಣೆ ಬಟ್ಟೆಯೂ ಬೇಡ. ಎರಡರಲ್ಲೂ ಗಂಧಕದ ಅಂಶ ಇರುತ್ತದೆ, ಬೆಳ್ಳಿ ಮಂಕಾಗುತ್ತದೆ. ಇನ್ನೊಂದು ಮಾತು, ಬಿದ್ರಿ ನೋಡಲು ಗಟ್ಟಿ, ಆದರೆ ಎರಕದ ಸತು ಕಲ್ಲುನೆಲಕ್ಕೆ ಬಿದ್ದರೆ ಸೀಳುತ್ತದೆ. ಕುತ್ತಿಗೆ ಸಣ್ಣಗಿರುವ ಸುರಾಹಿಯನ್ನು ಕೊರಿಯರ್‌ಗೆ ಹಾಕುವಾಗ ಕುತ್ತಿಗೆಗೆ ಬೇರೆಯಾಗಿ ಬಟ್ಟೆ ಸುತ್ತಿ.

ಇಟ್ಟುಕೊಂಡವರು ಮಾಡಬೇಕಾದ್ದು ತೀರಾ ಕಡಿಮೆ. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸುವುದು. ಎರಡು ಮೂರು ತಿಂಗಳಿಗೊಮ್ಮೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು, ಎಣ್ಣೆ ಕಾಣದ ಹಾಗೆ ಒರೆಸುವುದು. ಕರಾವಳಿಯವರು ಮಳೆಗಾಲದಲ್ಲಿ ಸ್ವಲ್ಪ ಬೇಗ ಬೇಗ ಮಾಡಬೇಕು, ಉಪ್ಪುಗಾಳಿ ಬಿಡುವುದಿಲ್ಲ. ಕಪ್ಪು ಮಾಸಿದರೆ ನಮ್ಮವ್ವ ಇದ್ದಿಲನ್ನು ಕಾಡಿಗೆಯಷ್ಟು ನುಣ್ಣಗೆ ಅರೆದು, ಎಣ್ಣೆಯಲ್ಲಿ ಕಲಸಿ ಬಳಿದು ರಾತ್ರಿಯಿಡೀ ಬಿಡುತ್ತಾಳೆ. ಬೆಳಿಗ್ಗೆ ಹಳೆಯ ಸೀರೆ ಚೂರಿನಿಂದ ತಿಕ್ಕುತ್ತಾಳೆ. ಅವಳ ತವರಿನ ಪಾನ್‌ದಾನ್ ಇವತ್ತಿಗೂ ಕಪ್ಪಾಗಿದೆ. ಇದರಿಂದಲೂ ಆಗದಿದ್ದರೆ ಮನೆಯಲ್ಲಿ ಏನೂ ಪ್ರಯೋಗ ಮಾಡಬೇಡಿ. ಬೀದರಿಗೆ ಕಳಿಸಿ. ಕೋಟೆ ಮಣ್ಣು ಅಲ್ಲಿದೆ.

ಆ ಹೂದಾನಿಯನ್ನು ಗೆಳತಿಗೆ ಮತ್ತೆ ಕೊಟ್ಟಾಗ ಒಂದು ಚೀಟಿ ಬರೆದು ಒಳಗಿಟ್ಟೆ. ಅವತ್ತಿನಿಂದ ಯಾವ ಬಿದ್ರಿ ಕೊಟ್ಟರೂ ಅದೇ ಚೀಟಿ ಇಡುತ್ತೇನೆ, ಅಚ್ಚು ಹಾಕಿಸದೆ ಕೈಯಲ್ಲೇ ಬರೆದು, ದಪ್ಪ ಅಕ್ಷರದಲ್ಲಿ, ಮನೆಯ ಹಿರಿಯರಿಗೂ ಓದಲು ಬರುವ ಹಾಗೆ. ನೀವೂ ಹೀಗೇ ಬರೆದುಕೊಳ್ಳಬಹುದು:

'ಇದು ಬೀದರಿನ ಬಿದ್ರಿ. ಈ ಕಪ್ಪು ಕೊಳೆಯಲ್ಲ, ಕೋಟೆಯ ಮಣ್ಣಿನಿಂದ ಬಂದ ಬಣ್ಣ. ಹುಣಸೆಹಣ್ಣು, ನಿಂಬೆಹಣ್ಣು, ಸೋಪು, ಪಾತ್ರೆ ಪುಡಿ ಯಾವುದೂ ಬೇಡ. ಒಣ ಬಟ್ಟೆ, ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು. ಏನಾದರೂ ಆದರೆ ನನಗೆ ಫೋನ್ ಮಾಡಿ, ಸರಿ ಮಾಡಿಸಿಕೊಂಡು ಬರುತ್ತೇನೆ.'