ಮೇಷ್ಟ್ರು ಮಾಷ್ಟ್ರಾದ ಚಳಿಗಾಲ

ಹೆಂಡತಿಗೆ ಕುಂದಾಪುರಕ್ಕೆ ವರ್ಗವಾದಾಗ ನಾನು ಪ್ರೌಢಶಾಲೆಯ ಗಣಿತದ ಮೇಷ್ಟರಿಕೆಯಿಂದ ನಿವೃತ್ತನಾಗಿ ಆರು ತಿಂಗಳು ಕಳೆದಿತ್ತು. ಆಕೆಗೆ ಇನ್ನೂ ಮೂರು ವರ್ಷಗಳ ಸೇವೆ ಬಾಕಿಯಿತ್ತು. ಚಳ್ಳಕೆರೆಯ ಮನೆಗೆ ಬೀಗ ಹಾಕಿ, ಡಿಸೆಂಬರ್ ಮೊದಲ ವಾರದಲ್ಲಿ ಮರವಂತೆಗೆ ಸಮೀಪದ ಒಂದು ಸಣ್ಣ ಊರಿನಲ್ಲಿ ಬಾಡಿಗೆಯ ಹಂಚಿನ ಮನೆಗೆ ಬಂದಿಳಿದೆವು. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಹೆದ್ದಾರಿ 66ರ ಆಚೆ ಸೌಪರ್ಣಿಕಾ ಹೊಳೆ, ನಡುವೆ ತೆಂಗಿನ ತೋಟಗಳು ಮತ್ತು ಭತ್ತದ ಕೊಯ್ಲು ಮುಗಿದ ಮರಳು ಗದ್ದೆಗಳು. ಸ್ವೆಟರು, ಶಾಲುಗಳನ್ನೆಲ್ಲ ಹೊತ್ತು ತಂದಿದ್ದೆವು. ಅವು ಟ್ರಂಕಿನಿಂದ ಹೊರಬರಲೇ ಇಲ್ಲ. ಇಲ್ಲಿ ಚಳಿಗಾಲವೆಂದರೆ ಬೆಳಗಿನ ಇಬ್ಬನಿ ಮತ್ತು ಘಟ್ಟದ ಕಡೆಯಿಂದ ಬೀಸುವ ಒಣಗಾಳಿ, ಅಷ್ಟೆ. ಹತ್ತು ಗಂಟೆಯ ಮೇಲೆ ಬೆವರು ತಪ್ಪಿದ್ದಲ್ಲ.

ಮೊದಲ ಹತ್ತು ದಿನ ಊರಿನಲ್ಲಿ ಜನರೇ ಇಲ್ಲವೇನೋ ಎನಿಸಿತು. ನಮ್ಮ ಕಡೆ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿರುತ್ತವೆ. ಸಂಜೆ ಜಗಲಿಯ ಮೇಲೆ ಕುಳಿತರೆ ಬೀದಿಯೇ ಬಂದು ಮಾತನಾಡಿಸುತ್ತದೆ. ಇಲ್ಲಿ ಪ್ರತಿ ಮನೆಗೂ ಅದರದೇ ಹಿತ್ತಲು, ಬೇಲಿ, ಬಾವಿ. ಒಂದು ಅಂಗಳದಿಂದ ಇನ್ನೊಂದು ಅಂಗಳ ಕಾಣಿಸುವುದಿಲ್ಲ. ನಾನು ಹಳೆಯ ಅಭ್ಯಾಸದಂತೆ ವಾರವಿಡೀ ಜಗಲಿಯ ಮೇಲೆ ಕುಳಿತೆ. ಹಾದುಹೋಗುವವರೇ ಇಲ್ಲದ ಮೇಲೆ ಮಾತನಾಡಿಸುವವರೆಲ್ಲಿ? ಏಳೂವರೆಗೆ ವಾಕಿಂಗ್ ಹೊರಟರೆ ದಡ ಖಾಲಿ, ಮಧ್ಯಾಹ್ನ ಎರಡಕ್ಕೆ ಹೋದರೆ ಅಂಗಡಿಯ ಬಾಗಿಲು ಅರ್ಧ ಎಳೆದಿರುತ್ತಿತ್ತು. ಹೊರಗಿನವರೆಂದರೆ ಇವರಿಗೆ ಅಷ್ಟಕ್ಕಷ್ಟೆ ಎಂದು ತೀರ್ಮಾನಿಸಿ ಹೆಂಡತಿಯ ಮುಂದೆ ಗೊಣಗಿದ್ದೂ ಉಂಟು.

ತಪ್ಪಿದ್ದದ್ದು ನನ್ನ ಗಡಿಯಾರ. ನಿದ್ದೆ ಬಾರದ ಒಂದು ದಿನ ನಾಲ್ಕೂವರೆಗೇ ದಡಕ್ಕೆ ಹೋದಾಗ ಅಲ್ಲಿ ಟಾರ್ಚುಗಳು, ಬೀಡಿಯ ಕೆಂಡಗಳು, ದೋಣಿಯನ್ನು ನೀರಿಗೆ ನೂಕುವವರ ಕೂಗು ಎಲ್ಲವೂ ಇದ್ದವು. ನೆಲದಿಂದ ಕಡಲಿನತ್ತ ಗಾಳಿ ಬೀಸುವ ಹೊತ್ತಿಗೆ ಹೊರಟವರು, ಗಾಳಿ ತಿರುಗುವ ಮೊದಲೇ ಕೆಲಸ ಮುಗಿಸಿ, ಉಂಡು, ಮಧ್ಯಾಹ್ನ ಮಲಗುತ್ತಾರೆ. ರಾತ್ರಿ ಎಲ್ಲಾದರೂ ಹರಕೆಯ ಯಕ್ಷಗಾನದ ಆಟವಿದ್ದರೆ ಅರ್ಧ ಊರು ಆ ಗದ್ದೆಯಲ್ಲಿರುತ್ತದೆ. ಮರುದಿನದಿಂದ ನಾನೂ ಐದಕ್ಕೆ ಮೊದಲೇ ದಡಕ್ಕೆ ಹೋಗತೊಡಗಿದೆ. ಮೂರನೆಯ ದಿನಕ್ಕೆ ಒಬ್ಬರು ‘ಮಾಷ್ಟ್ರೇ’ ಎಂದು ಕರೆದರು. ಮೂವತ್ತನಾಲ್ಕು ವರ್ಷ ‘ಮೇಷ್ಟ್ರು’ ಆಗಿದ್ದವನು ಒಂದೇ ಬೆಳಗಿನಲ್ಲಿ ‘ಮಾಷ್ಟ್ರು’ ಆದೆ. ನನ್ನ ವೃತ್ತಿ ಅವರಿಗೆ ಮೊದಲೇ ಗೊತ್ತಿತ್ತೆಂಬುದೂ ಆಗಲೇ ತಿಳಿಯಿತು.

ಭಾಷೆ ಒಂದೇ ಎಂಬ ಧೈರ್ಯ ನನಗಿತ್ತು, ಅದೇ ಮುಳುವಾಯಿತು. ಮೀನು ಮಾರುವ ಹೆಂಗಸೊಬ್ಬರು ಹತ್ತು ಗಂಟೆಯ ಸುಮಾರಿಗೆ ಬುಟ್ಟಿ ಹೊತ್ತು ಅಂಗಳಕ್ಕೆ ಬಂದು, ‘ಮೀನ್ ಇತ್ತ್ ಕಾಣಿ’ ಎಂದರು. ಮೀನು ಇತ್ತು, ಈಗ ಮುಗಿದಿದೆ ಎಂದು ನಾನು ಅರ್ಥಮಾಡಿಕೊಂಡು, ‘ಹೋಗಲಿ ಬಿಡಮ್ಮಾ, ನಾಳೆ ನೋಡೋಣ’ ಎಂದು ಒಳಗೆ ಹೋದೆ. ಮುಗಿದ ಮೀನಿನ ಸುದ್ದಿ ಹೇಳಲು ಇಷ್ಟು ದೂರ ಬರುತ್ತಾರಲ್ಲ ಎಂಬ ಸಣ್ಣ ಸೋಜಿಗವೂ ಆಯಿತು. ಮೂರು ದಿನ ಹೀಗೆಯೇ ನಡೆದು, ನಾಲ್ಕನೆಯ ದಿನದಿಂದ ಅವರು ಬರಲಿಲ್ಲ. ಪಕ್ಕದ ಮನೆಯ ಯಜಮಾನರು ‘ನೀವ್ ಮೀನ್ ತಿಂಬುದಿಲ್ಯಾ?’ ಎಂದು ಕೇಳಿದಾಗಲೇ ಗೊತ್ತಾದದ್ದು: ಕುಂದಗನ್ನಡದಲ್ಲಿ ‘ಇತ್ತ್’ ಎಂದರೆ ‘ಇದೆ’. ಮಾರಿಕಣಿವೆಯ ಕೆರೆ ಮೀನು ತಿಂದು ಬೆಳೆದ ನಾನು ಊರಿನ ಲೆಕ್ಕದಲ್ಲಿ ಅಷ್ಟರಲ್ಲಾಗಲೇ ಪಕ್ಕಾ ಸಸ್ಯಾಹಾರಿಯಾಗಿದ್ದೆ. ಆ ಹೆಂಗಸನ್ನು ದಡದಲ್ಲೇ ಹುಡುಕಿ ವಿಷಯ ತಿಳಿಸಿದೆ. ಅವರು ನಕ್ಕ ನಗು ಎಷ್ಟು ಅಂಗಳಗಳನ್ನು ಸುತ್ತಿತೋ, ಆ ವಾರದಲ್ಲಿ ನನ್ನನ್ನು ಕಂಡವರೆಲ್ಲ ‘ಮೀನ್ ಇತ್ತಾ ಮಾಷ್ಟ್ರೇ?’ ಎನ್ನುವವರೇ.

ಬಾವಿಯ ವಿಷಯದಲ್ಲಿ ಮಾತ್ರ ನಗುವಂತಿರಲಿಲ್ಲ. ಕರೆಂಟು ಬಂದ ಕೂಡಲೇ ಮೋಟರು ಹಾಕಿ, ಇರುವ ತೊಟ್ಟಿ, ಡ್ರಮ್ಮು, ಕೊಡಗಳನ್ನೆಲ್ಲ ತುಂಬಿಸಿಕೊಳ್ಳುವುದು ಕೊಳವೆಬಾವಿಯ ಸೀಮೆಯಲ್ಲಿ ರಕ್ತಗತವಾದ ಬುದ್ಧಿ. ಇಲ್ಲಿ ಹದಿನೈದು ಅಡಿಯಲ್ಲೇ ಸಿಹಿನೀರನ್ನು ಕಂಡು ನನಗೆ ಹಬ್ಬವಾಗಿತ್ತು. ಗಿಡಗಳಿಗೂ ಅಂಗಳಕ್ಕೂ ಧಾರಾಳವಾಗಿ ಬಿಟ್ಟೆ. ‘ಹೀಂಗ್ ಎಳದ್ರೆ ಶಿವರಾತ್ರಿ ಹೊತ್ತಿಗೆ ಉಪ್ಪಾತ್ತ್, ಮಾಷ್ಟ್ರೇ’ ಎಂದು ಯಜಮಾನರು ಬೇಲಿಯ ಆಚೆಯಿಂದಲೇ ಹೇಳಿದರು. ಕಡಲಂಚಿನಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಮೇಲಿನದನ್ನು ವೇಗವಾಗಿ ಎಳೆದಷ್ಟೂ ಕೆಳಗಿನದು ಏರಿ ಬರುತ್ತದೆ. ಅಂದಿನಿಂದ ಕುಡಿಯುವ ನೀರನ್ನು ರಾಟೆಯಲ್ಲೇ ಸೇದಿ, ಮೋಟರನ್ನು ದಿನಕ್ಕೆ ಹತ್ತೇ ನಿಮಿಷ ಹಾಕತೊಡಗಿದೆವು.

ನಾನು ನಿಜವಾಗಿ ಊರಿನ ಒಳಗೆ ಕಾಲಿಟ್ಟದ್ದು ಶೇಂಗಾದಿಂದ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯವನಿಗೆ ಕರಾವಳಿಯಲ್ಲಿ ಶೇಂಗಾ ಬೆಳೆಯುತ್ತಾರೆಂದು ಗೊತ್ತೇ ಇರಲಿಲ್ಲ. ನಮ್ಮಲ್ಲಿ ಅದು ಮುಂಗಾರಿನ ಮಳೆ ನಂಬಿ ಕೆಂಪು ನೆಲಕ್ಕೆ ಕೂರಿಗೆಯಲ್ಲಿ ಬಿತ್ತುವ ಬೆಳೆ. ಇಲ್ಲಿ ಅದರ ಹೆಸರು ನೆಲಗಡಲೆ, ಭತ್ತ ಕೊಯ್ದ ಮರಳು ಗದ್ದೆಗೆ ಡಿಸೆಂಬರ್, ಜನವರಿಯಲ್ಲಿ ಹಾಕಿ, ನೀರು ಕೊಟ್ಟು ಬೆಳೆಸುತ್ತಾರೆ. ಯಜಮಾನರ ಜಗಲಿಯಲ್ಲಿ ಮನೆಮಂದಿಯೆಲ್ಲ ಕುಳಿತು ಬಿತ್ತನೆಗೆಂದು ಕಾಯಿ ಸುಲಿಯುತ್ತಿದ್ದುದನ್ನು ಕಂಡು ಕರೆಯದೆಯೇ ಹೋಗಿ ಕುಳಿತೆ. ಬಿತ್ತನೆಯ ಬೀಜವನ್ನು ಕೈಯಲ್ಲೇ ಸುಲಿಯಬೇಕು. ಯಂತ್ರಕ್ಕೆ ಕೊಟ್ಟರೆ ಬೇಳೆ ಸೀಳಿ ಮೊಳಕೆ ಹಾಳಾಗುತ್ತದೆ. ಕಾಯಿಯ ಕೊಕ್ಕಿನ ಮೇಲೆ ಹೆಬ್ಬೆರಳು ಒತ್ತಿದರೆ ಸಿಪ್ಪೆ ಎರಡು ಹೋಳಾಗಿ ಬಾಯಿ ತೆರೆಯುತ್ತದೆ, ಕೆಂಪು ಪೊರೆಗೆ ಗೀರೂ ಬೀಳುವುದಿಲ್ಲ. ಬಾಲ್ಯದಲ್ಲಿ ಕಲಿತ ಆ ಒತ್ತು ನನ್ನ ಬೆರಳಿನಲ್ಲಿ ಹಾಗೆಯೇ ಉಳಿದಿತ್ತು. ಅಲ್ಲಿದ್ದ ಹುಡುಗಿಯೊಬ್ಬಳು ತನ್ನ ಕೆಲಸ ನಿಲ್ಲಿಸಿ ನನ್ನ ಕೈಯನ್ನೇ ನೋಡತೊಡಗಿದಳು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಸಾಲಿನ ಅಂತರ, ಜಿಪ್ಸಂ, ನೀರಿನ ಕ್ರಮ ಎಂದು ಅರ್ಧ ಗಂಟೆ ಪಾಠ ಮಾಡಿದೆ. ಯಾರೂ ಎದುರಾಡಲಿಲ್ಲ; ಮರುದಿನ ಸಂಜೆ ಜಗಲಿಯಲ್ಲಿ ಮಾತೂ ಇರಲಿಲ್ಲ. ನಾನು ಹೇಳಿದ್ದು ನೀರು ಹಿಡಿದಿಟ್ಟುಕೊಳ್ಳುವ ನೆಲದ ಲೆಕ್ಕ, ಅವರದು ಎರೆದ ನೀರು ಗಳಿಗೆಯಲ್ಲಿ ಇಳಿದುಹೋಗುವ ಮರಳು. ಅದು ಹೊಳೆದ ಮೇಲೆ ಬಾಯಿ ಮುಚ್ಚಿಕೊಂಡು ಸುಲಿದೆ. ಮುಂದಿನ ಐದಾರು ಸಂಜೆಗಳಲ್ಲಿ ನನಗೆ ಬೇಕಾದದ್ದೆಲ್ಲ ತಾನಾಗಿ ಕಿವಿಗೆ ಬಿತ್ತು: ಯಾವ ಅಂಗಡಿಯ ಕುಚ್ಚಲಕ್ಕಿ ಒಳ್ಳೆಯದು, ತೆಂಗಿನಕಾಯಿ ಕೊಯ್ಯಲು ಯಾರಿಗೆ ಹೇಳಬೇಕು, ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಲು ಏಪ್ರಿಲಿನಲ್ಲೇ ಆಳು ಗೊತ್ತುಮಾಡದಿದ್ದರೆ ಜೂನಿನಲ್ಲಿ ಮಂಚದ ಮೇಲೆ ಬಕೆಟ್ಟು ಇಡಬೇಕಾಗುತ್ತದೆ ಎಂಬುದು, ಯಾರ ಮನೆಯ ಆಟ ಯಾವ ದಿನ, ಎಷ್ಟು ಹೊತ್ತಿಗೆ ಊಟ.

ಮಾರ್ಚ್ ಕೊನೆಗೆ ಬೆಳೆ ಕಿತ್ತಾಗ ನಮ್ಮ ಪಾಲಿಗೆಂದು ಒಂದು ಬುಟ್ಟಿ ಹಸಿಕಾಯಿ ಬಂತು. ಬುಟ್ಟಿಯನ್ನು ಹಿಂದಿರುಗಿಸಲು ಹೋದಾಗ ಯಜಮಾನರು ಬಾವಿಕಟ್ಟೆಯ ಪಕ್ಕದ ಮೂಲೆಯನ್ನು ತೋರಿಸಿ, ಬರುವ ಡಿಸೆಂಬರಿಗೆ ಆ ಐದು ಸೆಂಟ್ಸ್ ಜಾಗದಲ್ಲಿ ನೀವೇ ಹಾಕಿ, ನಿಮ್ಮ ಲೆಕ್ಕ ಹೇಗಾಗುತ್ತದೆಂದು ನೋಡುವ ಎಂದರು. ಐದು ಸೆಂಟ್ಸ್ ಎಂದರೆ ನಮ್ಮ ಕಡೆಯ ಎರಡು ಗುಂಟೆ. ಊರಿಗೆ ಫೋನು ಮಾಡಿ ಬೀಜ ತರಿಸಲೇ ಎಂದು ಯೋಚಿಸಿ, ಬೇಡವೆಂದುಕೊಂಡು ಅವರದೇ ಕಾಯಿಯಲ್ಲಿ ಎರಡು ಸೇರು ಒಣಗಿಸಿ ಅಟ್ಟಕ್ಕೇರಿಸಿದ್ದೇನೆ.