ಕರೆಂಟ್ ಉಳಿಸುವ ಮನೆ: ತಾರಸಿಯಿಂದ ಶುರು ಮಾಡಿ

ಏಪ್ರಿಲ್ ತಿಂಗಳ ಒಂದು ರಾತ್ರಿ, ಹತ್ತು ಗಂಟೆಗೆ, ಫ್ಯಾನ್ ಆಫ್ ಮಾಡಿ ಏಣಿ ಹತ್ತಿ ಚಾವಣಿಗೆ ಅಂಗೈ ಇಟ್ಟು ನೋಡಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಆರ್‌ಸಿಸಿ ಮನೆಯಾದರೆ ಕೈಗೆ ಬಿಸಿ ತಟ್ಟುತ್ತದೆ. ಹೊತ್ತು ಮುಳುಗಿ ಮೂರು ತಾಸಾದರೂ ಸ್ಲ್ಯಾಬು ಹಗಲೆಲ್ಲ ಕುಡಿದ ಬಿಸಿಲನ್ನು ಒಳಗೆ ಬಿಡುತ್ತಲೇ ಇರುತ್ತದೆ. ಇಂಥ ಮನೆಗೆ ಏಸಿ ಹಾಕಿದರೆ ಅದು ರಾತ್ರಿಯಿಡೀ ಸ್ಲ್ಯಾಬಿನ ಜೊತೆ ಗುದ್ದಾಡುತ್ತದೆ, ಬಿಲ್ ನಾವು ಕಟ್ಟುತ್ತೇವೆ.

ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಮೊದಲ ‘ಪ್ಯಾಸಿವ್ ಹೌಸ್’, ಅಂದರೆ ಬಿಸಿ ಅಥವಾ ತಂಪು ಮಾಡಲು ಕರೆಂಟ್, ಇಂಧನ ತೀರಾ ಕಡಿಮೆ ಸಾಕಾಗುವ ಮನೆ, ಸಿದ್ಧವಾಯಿತು. ಅಲ್ಲಿ ಚಿಂತೆ ಬಿಸಿ ಹೊರಗೆ ಹೋಗದಂತೆ ತಡೆಯುವುದು, ನಮ್ಮಲ್ಲಿ ಬಿಸಿಲು ಒಳಗೆ ಬರದಂತೆ ತಡೆಯುವುದು. ಆದರೆ ಎರಡೂ ಕಡೆ ಕ್ರಮ ಒಂದೇ: ಮೊದಲು ಮನೆಯ ಮೈ, ಆಮೇಲೆ ಯಂತ್ರ. ನಮ್ಮವರು ಸೋಲಾರ್ ಅಥವಾ ಏಸಿಯಿಂದ ಶುರು ಮಾಡುತ್ತಾರೆ. ದುಡ್ಡು ಹೆಚ್ಚು ಪೋಲಾಗುವುದು ಅಲ್ಲೇ.

ತಾರಸಿಗೆ ಬಿಳಿ

ಮೊದಲು ಬಿರುಕು, ಸೋರಿಕೆ ಸರಿ ಮಾಡಿಸಿ. ಕಪ್ಪು ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ, ಇಲ್ಲದಿದ್ದರೆ ಬಳಿದದ್ದೆಲ್ಲ ಹಪ್ಪಳದಂತೆ ಏಳುತ್ತದೆ. ಅಗ್ಗದ ದಾರಿ ಸುಣ್ಣ. ಹಿಂದಿನ ರಾತ್ರಿಯೇ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಫೆವಿಕಾಲ್ ಬೆರೆಸಿ. ಬೆಳಗಿನ ತಂಪಿನಲ್ಲಿ ತಾರಸಿಗೆ ನೀರು ಚಿಮುಕಿಸಿ ಎರಡು ಕೋಟ್ ಬಳಿಯಿರಿ. ಉರಿ ಬಿಸಿಲಲ್ಲಿ ಬಳಿದರೆ ಪುಡಿ ಉದುರುತ್ತದೆ. ಕೈಗವಸು, ಕನ್ನಡಕ ಮರೆಯಬೇಡಿ, ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಮಳೆಗಾಲ ಕಳೆದರೆ ಸುಣ್ಣ ಮಾಸುತ್ತದೆ, ಹಾಗಾಗಿ ಇದು ವರ್ಷ ವರ್ಷದ ಕೆಲಸ. ಜಾಸ್ತಿ ದಿನ ಬಾಳಬೇಕೆಂದರೆ ಕೂಲ್ ರೂಫ್ ಪೇಂಟ್ ಇದೆ. ಡಬ್ಬದ ಮೇಲೆ ಎಸ್‌ಆರ್‌ಐ ಅಂಕಿ ನೋಡಿ ತೆಗೆದುಕೊಳ್ಳಿ. ಬಿಸಿಲಿಗೆ ತಾರಸಿ ಎಷ್ಟು ತಂಪಾಗಿ ಉಳಿಯುತ್ತದೆ ಎಂದು ಹೇಳುವ ಅಂಕಿ ಇದು, ಹೆಚ್ಚಿದ್ದಷ್ಟೂ ಒಳ್ಳೆಯದು.

ಪಡುವಣ ಗೋಡೆ, ಕಿಟಕಿ

ಸಂಜೆಯ ಬಿಸಿಲು ಓರೆಯಾಗಿ ಬರುತ್ತದೆ, ಸಜ್ಜಾ ಅದನ್ನು ತಡೆಯಲಾರದು. ಆ ಬದಿಗೆ ಶೇಡ್ ನೆಟ್ ಕಟ್ಟಿ, ಇಲ್ಲವೇ ಚಪ್ಪರ ಹಾಕಿ ತೊಂಡೆ ಬಳ್ಳಿ ಹಬ್ಬಿಸಿ. ನೆರಳು ಕಿಟಕಿಯ ಹೊರಗಿರಬೇಕು. ಬಿಸಿಲು ಗಾಜು ದಾಟಿತು ಎಂದರೆ ಒಳಗಿನ ಪರದೆ ಅರ್ಧ ಕೆಲಸವನ್ನೂ ಮಾಡದು.

ಒಣ ಹವೆಯ ಊರಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿ ಮುಚ್ಚಿ, ಹೊರಗಿನ ಗಾಳಿ ತಣ್ಣಗಾದ ಮೇಲೆ ತೆರೆಯಿರಿ. ಮಂಗಳೂರು, ಕಾರವಾರದ ಸೆಕೆಗೆ ಇದು ಒಗ್ಗುವುದಿಲ್ಲ. ಅಲ್ಲಿ ಹಗಲೂ ಗಾಳಿ ಆಡುತ್ತಿರಬೇಕು.

ಮೀಟರ್ ಮುಂದೆ ಎರಡು ನಿಮಿಷ

ಲೈಟು, ಫ್ಯಾನ್, ಫ್ರಿಜ್ ಎಲ್ಲ ಆಫ್ ಮಾಡಿ ಮೀಟರಿನ ಕೆಂಪು ದೀಪ ನೋಡಿ. ಮೀಟರಿನ ಮೇಲೆ 3200 ಇಂಪ್ ಎಂದು ಬರೆದಿದ್ದರೆ, ದೀಪ 3200 ಸಲ ಮಿನುಗಿದಾಗ ಒಂದು ಯೂನಿಟ್. ಎಲ್ಲ ಆಫ್ ಆಗಿದ್ದೂ ನಿಮಿಷಕ್ಕೆ ಎರಡು ಸಲ ಮಿನುಗಿದರೆ ತಿಂಗಳಿಗೆ 27 ಯೂನಿಟ್ ಸುಮ್ನೆ ಸೋರುತ್ತಿದೆ. ಸೆಟ್ ಟಾಪ್ ಬಾಕ್ಸ್, ವೈಫೈ, ಟಿವಿಯ ಸ್ವಿಚ್ಚನ್ನು ಒಂದೊಂದಾಗಿ ಆರಿಸಿದರೆ ಕಳ್ಳ ಯಾರೆಂದು ಗೊತ್ತಾಗುತ್ತದೆ.

ಆಮೇಲೆ ಫ್ಯಾನ್. ಹಳೆಯದು ಸುಮಾರು 75 ವ್ಯಾಟ್, ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ದಿನಕ್ಕೆ 12 ತಾಸು ಓಡುವ ಒಂದೇ ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಹೆಚ್ಚು ಹೊತ್ತು ತಿರುಗುವ ಫ್ಯಾನನ್ನೇ ಮೊದಲು ಬದಲಿಸಿ. ಏಸಿ ಬೇಕೇ ಬೇಕೆಂದರೆ ಒಂದು ಕೋಣೆಗೆ ಸಾಕು, 24 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ.

ಹೊಸದಾಗಿ ಕಟ್ಟುವವರಿಗೆ

ಉದ್ದನೆಯ ಗೋಡೆಗಳು ಉತ್ತರ, ದಕ್ಷಿಣಕ್ಕಿರಲಿ. ಪಡುವಣಕ್ಕೆ ಬಚ್ಚಲು, ಮೆಟ್ಟಿಲು ಬಂದರೆ ಮಲಗುವ ಕೋಣೆ ತಂಪು. ಇಟ್ಟಿಗೆಯನ್ನು ‘ರ‍್ಯಾಟ್ ಟ್ರ್ಯಾಪ್’ ರೀತಿಯಲ್ಲಿ, ಅಂದರೆ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಜೋಡಿಸಿದರೆ ಗೋಡೆಯೊಳಗೆ ಪೊಳ್ಳು ಉಳಿದು ಬಿಸಿ ತಡೆಯುತ್ತದೆ, ಇಟ್ಟಿಗೆಯೂ ಕಾಲು ಭಾಗದಷ್ಟು ಉಳಿಯುತ್ತದೆ. ಮನೆಗಳಲ್ಲಿ ಕರೆಂಟ್ ಉಳಿಸಲು ಕೇಂದ್ರ ಸರ್ಕಾರ ಮಾಡಿದ ‘ಇಕೋ ನಿವಾಸ್ ಸಂಹಿತಾ 2018’ರಲ್ಲಿ ಚಾವಣಿಯ ಯು-ಮೌಲ್ಯ (ಬಿಸಿ ಎಷ್ಟು ಸುಲಭವಾಗಿ ದಾಟುತ್ತದೆ ಎಂಬ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) 1.2 ಮೀರಬಾರದು ಎಂದಿದೆ. ಬರೀ ಸ್ಲ್ಯಾಬಿನದು ಅದರ ಎರಡು ಪಟ್ಟಿಗಿಂತ ಜಾಸ್ತಿ. ಹಾಗಾಗಿ ಇಂಜಿನಿಯರ್ ಹತ್ತಿರ ಪ್ಲಾನ್ ಮಾಡಿಸುವಾಗಲೇ ಈ ಅಂಕಿ ಹೇಳಿ, ಸ್ಲ್ಯಾಬಿನ ಮೇಲೆ ಇನ್ಸುಲೇಷನ್, ಅಂದರೆ ಬಿಸಿ ತಡೆಯುವ ಪದರ, ಕೇಳಿ.

ಸೋಲಾರ್ ಕೊನೆಗೆ

ಇಷ್ಟಾದ ಮೇಲೆ ಒಂದು ಬೇಸಿಗೆಯ ಬಿಲ್ ನೋಡಿ. 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಬೇಕೆಂದುಕೊಂಡಿದ್ದವರಿಗೆ 2 ಸಾಕಾಗಬಹುದು. ಮನೆ ತಾರಸಿಯ ಸೋಲಾರ್‌ಗೆಂದು ಕೇಂದ್ರ ಸರ್ಕಾರ 2024ರಲ್ಲಿ ಶುರು ಮಾಡಿದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000 ರೂಪಾಯಿ, 3 ಅಥವಾ ಮೇಲಿದ್ದರೆ 78,000 ರೂಪಾಯಿ ಸಬ್ಸಿಡಿ ಇದೆ. ಪ್ಯಾನೆಲ್ ಕೂರಿಸುವ ಮುಂಚೆಯೇ ಅದರ ಕೆಳಗಿನ ಜಾಗಕ್ಕೂ ಬಿಳಿ ಬಳಿಸಿಬಿಡಿ, ಆಮೇಲೆ ಅಲ್ಲಿ ಕೈ ಹೋಗುವುದಿಲ್ಲ.